ಯಂಕೋಬನ ಕಲ್ಲು

ಮಸ್ಕಿಯ ಗುಡ್ಡದ ಬುಡದಲ್ಲಿ ಕಲ್ಲು ಒಡೆದು ಬದುಕುತ್ತಿದ್ದ ಗದ್ದೆಪ್ಪನ ಮನೆಯಲ್ಲಿ ಜೋಳದ ಅಳ್ಳು ಹುರಿಯುವಂತಿರಲಿಲ್ಲ. ಪಂಚಮಿ ಬಂದು ಓಣಿಯ ಒಲೆಗಳೆಲ್ಲ ಪಟಪಟ ಸಿಡಿಯುತ್ತಿದ್ದರೆ, ಅವನ ಹೆಂಡತಿ ಪಕೀರಮ್ಮ ನೆರೆಮನೆಯಿಂದ ಒಂದು ಮೊರ ಅಳ್ಳು ಇಸಿದುಕೊಂಡು ಹಬ್ಬ ಮುಗಿಸುತ್ತಿದ್ದಳು. ಗಂಡ ಆ ದಿನ ಬುತ್ತಿ ಕಟ್ಟಿಸಿಕೊಂಡು ಗುಡ್ಡದ ಆಚೆ ಮಗ್ಗುಲಿಗೆ ಹೋಗಿಬಿಡುತ್ತಿದ್ದ. ಕೇಳಿದವರಿಗೆ ಅವಳು, "ಅವರಿಗೆ ಅಳ್ಳಿನ ವಾಸನಿ ಆಗಂಗಿಲ್ಲ" ಎನ್ನುತ್ತಿದ್ದಳು. ವಾಸನೆಯ ಮಾತು ಸುಳ್ಳು. ಕಾದ ಹಂಚಿನ ಮೇಲೆ ಮೊದಲ ಕಾಳು ಸಿಡಿಯುತ್ತದಲ್ಲ, ಆ ಸದ್ದಿಗೆ ಅವನ ಕೈಕಾಲು ತಣ್ಣಗಾಗುತ್ತಿದ್ದವು. ದೊಡ್ಡ ಬಂಡೆ ಬಾಯಿ ಬಿಡುವ ಮುಂಚೆ ಮಾಡುವ ಸದ್ದೂ ಅದೇ.

ಕಲ್ಲಿನ ಕೆಲಸ ಗೊತ್ತಿಲ್ಲದವರು ಕಲ್ಲನ್ನು ಸುತ್ತಿಗೆ ಒಡೆಯುತ್ತದೆ ಅಂದುಕೊಳ್ಳುತ್ತಾರೆ. ಅಂದುಕೊಳ್ಳಲಿ, ಅವರು ಮನೆ ಕಟ್ಟಿಸಿದವರು, ಕಲ್ಲು ಒಡೆದವರಲ್ಲ. ಗುಡ್ಡದ ಬಂಡೆ ಯಾವ ಕಾಲದಿಂದಲೋ ತನ್ನ ಮೈಭಾರವನ್ನೂ ಅಕ್ಕಪಕ್ಕದ ಬಂಡೆಗಳ ಒತ್ತನ್ನೂ ತಡೆದುಕೊಂಡು ಒಳಗೊಳಗೇ ಬಿಗಿದು ಕೂತಿರುತ್ತದೆ. ಸಾಲಾಗಿ ತೂತು ಕೊರೆದು, ಒಂದೊಂದಕ್ಕೂ ಕಬ್ಬಿಣದ ಬೆಣೆ ಇಟ್ಟು, ಸರದಿಯ ಮೇಲೆ ಬಡಿಯುತ್ತ ಹೋದರೆ ಬೆಣೆಗಳ ನಡುವೆ ಕೂದಲೆಳೆಯಷ್ಟು ಬಿರುಕು ಏಳುತ್ತದೆ. ಬಿರುಕು ಗಿಡ್ಡವಾಗಿರುವ ತನಕ ಬಡಿದರೆ ಮುಂದೆ ಹೋಗುತ್ತದೆ, ಬಿಟ್ಟರೆ ನಿಲ್ಲುತ್ತದೆ. ಒಂದು ಉದ್ದ ದಾಟಿತೋ, ಆಮೇಲೆ ಸುತ್ತಿಗೆಯ ಹಂಗು ಅದಕ್ಕಿಲ್ಲ. ಕೂಡಿಟ್ಟುಕೊಂಡ ಬಿಗುವನ್ನೆಲ್ಲ ಕಲ್ಲು ಒಂದೇ ಸಲಕ್ಕೆ ಬಿಟ್ಟುಕೊಡುತ್ತದೆ. ಆ ಬಿಗುವೇ ಬಿರುಕನ್ನು ಆಚೆ ತುದಿಯವರೆಗೆ ಓಡಿಸುತ್ತದೆ. ಆ ಉದ್ದ ಎಷ್ಟು ಎಂಬುದು ಕಲ್ಲಿಂದ ಕಲ್ಲಿಗೆ ಬೇರೆ. ಕಣ್ಣಿಗೆ ಅದು ತಿಳಿಯುವುದಿಲ್ಲ, ಕಿವಿಗೆ ತಿಳಿಯುತ್ತದೆ.

ಅದಕ್ಕೇ ದೊಡ್ಡ ಬಂಡೆಗೆ ಇಬ್ಬರು ಬೇಕು. ಒಬ್ಬ ಬಡಿಯುವವನು, ಇನ್ನೊಬ್ಬ ಕಿವಿ ಇಡುವವನು. ಕಿವಿ ಇಡುವವನು ಬರಿಗಾಲಲ್ಲಿ ನಿಂತು, ಅಂಗೈಯನ್ನು ಬಂಡೆಗೆ ಒತ್ತಿ ಹಿಡಿದಿರುತ್ತಾನೆ. ಅಳ್ಳು ಸಿಡಿದಂಥ ಸದ್ದು ಬಂದ ಕೂಡಲೇ "ಬಿಡು!" ಎಂದು ಕೂಗುತ್ತಾನೆ. ಬಡಿಯುವವನು ಕೈಯಲ್ಲಿದ್ದದ್ದನ್ನು ಇದ್ದಲ್ಲೇ ಬಿಟ್ಟು, ಏನು ಎತ್ತ ಎಂದು ನೋಡದೆ, ಕೂಗು ಬಂದ ಕಡೆಗೆ ಹಾರುತ್ತಾನೆ. ಆ ಮನೆಗಳಲ್ಲಿ ಕೂಸುಗಳಿಗೆ ಅವ್ವ, ಅಪ್ಪ ಅನ್ನುವುದರ ಜೊತೆಗೇ ಈ ಮಾತನ್ನೂ ಕಲಿಸುತ್ತಿದ್ದರು. ಸೊಸೆಯಾಗಿ ಬಂದವಳಿಗೂ ಮೊದಲ ವಾರದಲ್ಲೇ ಕಲಿಸುತ್ತಿದ್ದರು.

ಗದ್ದೆಪ್ಪನ ತಮ್ಮ ಯಂಕೋಬ ಸತ್ತದ್ದು ನಿಜಾಮನ ಸರಕಾರದ ಫಸಲಿ ಲೆಕ್ಕದಲ್ಲಿ ಸಾವಿರದ ಮುನ್ನೂರ ಮೂವತ್ತನಾಲ್ಕನೆಯ ವರ್ಷ, ಎಳ್ಳಮಾವಾಸ್ಯೆ ಮುಗಿದ ಮೂರನೆಯ ದಿನ, ಬೆಳಗಿನ ಹೊತ್ತು. ಆ ವರ್ಷ ದಸರೆಗೆ ಅವರ ಅಪ್ಪ ತೀರಿಕೊಂಡಿದ್ದ. ಅಪ್ಪನದೊಂದು ದೊಡ್ಡ ಸುತ್ತಿಗೆ ಇತ್ತು. ಹಿರಿಯವನೆಂದು ಗದ್ದೆಪ್ಪ ಅದನ್ನು ಯಾರನ್ನೂ ಕೇಳದೆ ಎತ್ತಿಕೊಂಡ. ಅಪ್ಪ ಅದನ್ನು ತನಗೆ ಕೊಡುವೆನೆಂದಿದ್ದ ಎಂದು ಯಂಕೋಬ ಹಟ ಹಿಡಿದ. ಹಬ್ಬದ ದಿನ ಹೊಲದಲ್ಲಿ ಎಲ್ಲರೂ ಕೂತು ಉಣ್ಣುವಾಗ ಮಾತಿಗೆ ಮಾತು ಬೆಳೆಯಿತು. "ಇನ್ನ ಮ್ಯಾಲ ನಾನಾಗಿ ನಿನ್ನ ಕೂಡ ಮಾತಾಡಿದ್ರ ನಮ್ಮಪ್ಪಗ ಹುಟ್ಟಿದವನ ಅಲ್ಲ" ಎಂದ ಯಂಕೋಬ. "ನಾನೂ ಅಲ್ಲ ತಗೊಳೋ" ಎಂದ ಗದ್ದೆಪ್ಪ. ಅಪ್ಪನ ಒಂದು ಸುತ್ತಿಗೆಗಾಗಿ ಇಬ್ಬರೂ ಅಪ್ಪನನ್ನೇ ಒತ್ತೆ ಇಟ್ಟರು.

ಸಿಟ್ಟು ಎಷ್ಟಿದ್ದರೂ ಬಂಡೆ ಇಬ್ಬರನ್ನು ಕೇಳುತ್ತದೆ. ಎರಡು ದಿನ ಅಣ್ಣತಮ್ಮಂದಿರು ಬಾಯಿಗೆ ಬೀಗ ಹಾಕಿಕೊಂಡು ಕೆಲಸ ಮಾಡಿದರು. ಒಂದು ಸಲ ತಟ್ಟಿದರೆ ಬಡಿ, ಎರಡು ಸಲ ತಟ್ಟಿದರೆ ನಿಲ್ಲಿಸು; ಎಲ್ಲವೂ ಸುತ್ತಿಗೆಯ ತುದಿಯಲ್ಲೇ ನಡೆಯಿತು. ಮಂದಿ ನೋಡಿ ನಕ್ಕರು. ಯಂಕೋಬನ ಹೆಂಡತಿ ಅಯ್ಯಮ್ಮ ಇಬ್ಬರಿಗೂ ಒಂದೇ ಗಂಗಾಳದಲ್ಲಿ ಅಂಬಲಿ ಇಟ್ಟು ನೋಡಿದಳು. ಸರದಿಯ ಮೇಲೆ ಕುಡಿದರೇ ಹೊರತು ಮಾತಾಡಲಿಲ್ಲ.

ಮೂರನೆಯ ದಿನ ಬೆಳಗ್ಗೆ ಯಂಕೋಬ ಬಡಿಯುತ್ತಿದ್ದ, ಗದ್ದೆಪ್ಪ ಕಿವಿ ಇಟ್ಟಿದ್ದ. ಅಂಗೈ ಬಂಡೆಯ ಮೇಲಿತ್ತು. ಚಳಿಗೆ ಬಂಡೆ ಕೊರೆಯುವಷ್ಟು ತಣ್ಣಗಿತ್ತು. ಒಳಗೆ ಒಂದು ಕಾಳು ಸಿಡಿಯಿತು. ಮಾತು ಅವನ ನಾಲಿಗೆಯ ತುದಿಗೆ ಬಂದಿತ್ತು, ಬಂದದ್ದು ಆಣೆ ನೆನಪಾಗಿ ಅಲ್ಲೇ ನಿಂತಿತು. ತಾನೇ ಮೊದಲು ಬಾಯಿ ಬಿಟ್ಟರೆ ಸೋತಂತಾಯಿತಲ್ಲ! ಎರಡು ಸಲ ತಟ್ಟಿದರೆ ಆಯಿತೆಂದು ಅವನು ಸುತ್ತಿಗೆಗೆ ಕೈ ಹಾಕಿದ. ಸುತ್ತಿಗೆ ಬೆನ್ನ ಹಿಂದಿತ್ತು. ತಿರುಗಿ, ಅದರ ಹಿಡಿಕೆ ಕೈಗೆ ಸಿಗುವಷ್ಟರಲ್ಲಿ ಬಂಡೆ ಎರಡಾಗಿ, ಮುಂದಿನ ಹೋಳು ಯಂಕೋಬನ ಮೇಲೆ ಮಗುಚಿತು. ಎಲ್ಲ ಸೇರಿ ಒಂದು ಉಸಿರಿನ ಹೊತ್ತು, ಅಷ್ಟೇ.

ಲಿಂಗಸುಗೂರಿನಿಂದ ಪೊಲೀಸ್ ಅಮೀನ್ ಸಾಹೇಬ ಕುದುರೆಯ ಮೇಲೆ ಬಂದು ಪಂಚನಾಮೆ ಮಾಡಿದ. "ಕಲ್ಲು ಸಪ್ಪಳ ಮಾಡಿತ್ತೇನೋ?" ಎಂದು ಕೇಳಿದ. ಸುತ್ತ ಊರೆಲ್ಲ ನಿಂತಿತ್ತು, ಅಯ್ಯಮ್ಮ ನೆಲಕ್ಕೆ ಬಿದ್ದು ಹೊರಳಾಡುತ್ತಿದ್ದಳು. "ಇಲ್ರಿ, ಏನೂ ಅನ್ನಲಿಲ್ರಿ" ಎಂದ ಗದ್ದೆಪ್ಪ. ನೂರಕ್ಕೊಂದು ಕಲ್ಲು ಹಾಗೆ ಸದ್ದಿಲ್ಲದೆ ಒಡೆಯುವುದುಂಟು, ಎಲ್ಲರೂ ನಂಬಿದರು. ಕಾರಕೂನ ಅದನ್ನು ಉರ್ದುವಿನಲ್ಲಿ ಬರೆದುಕೊಂಡ. ಗದ್ದೆಪ್ಪ ಹೆಬ್ಬೆಟ್ಟು ಒತ್ತಿದ.

ಅಯ್ಯಮ್ಮನ ಮಡಿಲಲ್ಲಿ ಕೂಸಿರಲಿಲ್ಲ. ಸಿಂಧನೂರಿನ ಆಚೆ ಸಾಲಗುಂದದಲ್ಲಿದ್ದ ತವರಿಗೆ ಹೋಗಿ ಕೂಲಿ ಮಾಡಿಕೊಂಡಿದ್ದಳು. ವರ್ಷಕ್ಕೊಮ್ಮೆ ಎಳ್ಳಮಾವಾಸ್ಯೆ ಮುಗಿದ ಮೂರನೆಯ ದಿನ ಗದ್ದೆಪ್ಪ ಅವಳಿಗೊಂದು ಸೀರೆ, ಒಂದು ಗಂಟು ಸಜ್ಜೆ ರೊಟ್ಟಿ ಹೊತ್ತುಕೊಂಡು ಹೋಗುತ್ತಿದ್ದ. ಅವಳು ನೀರು ಕೊಟ್ಟು, ಎದುರು ಕೂತು, ಪ್ರತಿ ವರ್ಷವೂ ಅದನ್ನೇ ಕೇಳುತ್ತಿದ್ದಳು: "ಕಲ್ಲು ಏನೂ ಅನ್ನಲಿಲ್ಲೇನು ಭಾವಾ?" ಅವನು ಪ್ರತಿ ವರ್ಷವೂ "ಏನೂ ಅನ್ನಲಿಲ್ಲವ್ವ" ಎನ್ನುತ್ತಿದ್ದ. "ಮೂಗ ಕಲ್ಲು. ಅದರ ಬಾಯಾಗ ಮಣ್ಣು ಬೀಳಲಿ" ಎಂದು ಅವಳು ಶಪಿಸುತ್ತಿದ್ದಳು. ಆ ಶಾಪ ನೇರವಾಗಿ ತನ್ನ ಮೇಲೇ ಬಂದು ಕೂರುತ್ತದೆ ಎಂದು ಗದ್ದೆಪ್ಪನಿಗೆ ಅನ್ನಿಸುತ್ತಿತ್ತು. ಆದರೂ ಹೋಗುವುದನ್ನು ಬಿಡಲಿಲ್ಲ, ನಿಜ ಹೇಳಲೂ ಇಲ್ಲ.

ಬಂಡೆಯ ಹಿಂದಿನ ಹೋಳು ಗುಡ್ಡದಲ್ಲೇ ಉಳಿಯಿತು. ಮೂರು ಬೆಣೆಗಳು ಅದರಲ್ಲಿ ಕಚ್ಚಿಕೊಂಡು ತುಕ್ಕು ಹಿಡಿದವು. ಮಂದಿ ಅದನ್ನು ಯಂಕೋಬನ ಕಲ್ಲು ಎಂದರು. ಕುರಿ ಕಾಯುವವರು ಅದರ ನೆರಳಿಗೆ ಹೋಗುತ್ತಿರಲಿಲ್ಲ; ಚಳಿಯ ಬೆಳಗಿನಲ್ಲಿ ಅದು ಟಿಕ್ ಟಿಕ್ ಎನ್ನುತ್ತದೆ, ಯಂಕೋಬ ಇನ್ನೂ ಬಡಿಯುತ್ತಿದ್ದಾನೆ ಎಂದು ಹೇಳಿಕೊಳ್ಳುತ್ತಿದ್ದರು. ಬಿಸಿಲಿಗೆ ಹಿಗ್ಗಿದ ಕಲ್ಲು ಇಬ್ಬನಿಗೆ ಕುಗ್ಗುವಾಗ ಹಾಗೆ ಸದ್ದು ಮಾಡುತ್ತದೆಂದು ಗದ್ದೆಪ್ಪನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಗೊತ್ತಿದ್ದೂ ಅವನು ಬೆಳಗಿನ ಹೊತ್ತು ಆ ಕಡೆ ಕಾಲು ಹಾಕುತ್ತಿರಲಿಲ್ಲ. ಗೊತ್ತಿರುವುದು ಬೇರೆ, ಎದೆ ಕೇಳುವುದು ಬೇರೆ.

ಹತ್ತು ವರ್ಷದ ಮೇಲೆ ಸಾಲಗುಂದದ ಸಾವುಕಾರ ಶಿವಶರಣಪ್ಪ ಬಂಡಿ ಕಟ್ಟಿಕೊಂಡು ಮಸ್ಕಿಗೆ ಬಂದ. ತೋಟದಲ್ಲಿ ಹೊಸ ಬಾವಿ ತೋಡಿಸಿದ್ದ. ಎತ್ತುಗಳಿಂದ ನೀರೆತ್ತುವ ಗಾಲಿಯನ್ನು ಹೊರಲು, ಬಾವಿಯ ಗೋಡೆಯಿಂದ ಒಳಕ್ಕೆ ಚಾಚಿ ನಿಲ್ಲುವ ಹತ್ತು ಮೊಳದ ಒಂಟಿ ಕಲ್ಲು ಬೇಕಿತ್ತು. ಗುಡ್ಡವೆಲ್ಲ ಸುತ್ತಿ, ಕೊನೆಗೆ ಯಂಕೋಬನ ಕಲ್ಲಿನ ಮುಂದೆ ನಿಂತ. "ಇದ ಬೇಕು" ಎಂದ.

ಗದ್ದೆಪ್ಪ ಒಲ್ಲೆ ಎನ್ನಬೇಕಾಗಿತ್ತು. ಆದರೆ ಆ ಕಲ್ಲು ಕಣ್ಣಿಂದ ಮರೆಯಾದರೆ ಕಿವಿಯೊಳಗಿನ ಸದ್ದೂ ಮರೆಯಾದೀತು ಎಂಬ ಆಸೆ ಹುಟ್ಟಿತು. ಇನ್ನೊಂದು ಆಸೆಯೂ ಜೊತೆಗೆ ಸೇರಿಕೊಂಡಿತು. "ಸಾವ್ಕಾರ್ರ, ನಮ್ಮ ಅಯ್ಯಮ್ಮ ನಿಮ್ಮೂರಾಗ ಅದಾಳ. ಆಕೀಗೆ ನಿಮ್ಮ ತ್ವಾಟದಾಗ ಕಾಯಂ ಕೆಲಸ ಕೊಡೂದಾದ್ರ ಕಲ್ಲು ತಗೊಂಡು ಹೋಗ್ರಿ" ಎಂದ.

"ಕೊಡತೀನಿ ತಗೋ" ಎಂದ ಶಿವಶರಣಪ್ಪ.

ಪರವೂರಿನ ಇಬ್ಬರು ಆಳುಗಳನ್ನು ಕರೆಸಿ ಚಪ್ಪಡಿ ತೆಗೆಸಿದ್ದಾಯಿತು. ಹಳೆಯ ಬೆಣೆಗಳಲ್ಲೊಂದು ಇದ್ದ ಕಡೆ, ಅಂಚಿನಿಂದ ಒಳಕ್ಕೆ, ಒಂದು ಸಣ್ಣ ಬಿರುಕು ಇತ್ತು. ಅದು ಎಲ್ಲಿಗೆ ಮುಗಿಯುತ್ತದೆಂದು ನೋಡುವ ಬಗೆ ಸುಲಭ. ಕಲ್ಲಿನ ಮೇಲೆ ನೀರು ಸುರಿದು ಒರೆಸಬೇಕು. ಮೈ ಒಣಗಿದ ಮೇಲೂ ಬಿರುಕು ಕುಡಿದ ನೀರು ಕಪ್ಪು ಗೆರೆಯಾಗಿ ಉಳಿಯುತ್ತದೆ. ಆದರೆ ಇದನ್ನು ನಸುಕಿನ ತಂಪಿನಲ್ಲಿ ಮಾಡಬೇಕು. ಬಿಸಿಲೇರಿದರೆ ಕಲ್ಲು ಹಿಗ್ಗಿ ಬಿರುಕಿನ ತುದಿ ಬಾಯಿ ಮುಚ್ಚಿಕೊಳ್ಳುತ್ತದೆ, ಗೆರೆ ಇರುವುದಕ್ಕಿಂತ ಗಿಡ್ಡ ಕಾಣುತ್ತದೆ. ಇದನ್ನು ಗದ್ದೆಪ್ಪನೇ ಎಷ್ಟೋ ಜನಕ್ಕೆ ಕಲಿಸಿದ್ದ. ಮೂರು ನಸುಕು ಅವನು ನೀರಿನ ಕೊಡ ಹಿಡಿದು ಹೊರಟ, ಮೂರು ಸಲವೂ ಅರ್ಧ ಹಾದಿಯಲ್ಲೇ ಕೂತುಬಿಟ್ಟ. ಆ ಕಲ್ಲು, ಆ ಚಳಿ, ಆ ಹೊತ್ತು, ಕಾಲು ಏಳಲಿಲ್ಲ. ಕೊನೆಗೆ ನಡುಮಧ್ಯಾಹ್ನ ಹೋಗಿ ನೀರು ಸುರಿದ. ಗೆರೆ ಐದು ಬೆರಳಿಗೆ ಮುಗಿದಂತೆ ಕಂಡಿತು.

ಮುಗಿದ ಜಾಗದಲ್ಲಿ ಉಳಿಯಿಂದ ದುಂಡಗೆ ಒಂದು ಕಣ್ಣು ಕೊರೆದ. ಬಿರುಕಿನ ತುದಿ ಸೂಜಿಯಷ್ಟು ಚೂಪಾಗಿರುತ್ತದೆ, ಕಲ್ಲಿನ ಬಿಗುವೆಲ್ಲ ಅಲ್ಲಿಗೇ ಬಂದು ಒತ್ತುತ್ತದೆ. ದುಂಡಗೆ ಮಾಡಿದರೆ ಒತ್ತು ಸುತ್ತಲೂ ಹಂಚಿಹೋಗಿ ಬಿರುಕು ಅಲ್ಲೇ ನಿಲ್ಲುತ್ತದೆ. ಅಪ್ಪ ಹೇಳಿಕೊಟ್ಟ ಕೆಲಸ, ಎಂದೂ ಕೈಕೊಟ್ಟದ್ದಲ್ಲ. ಆದರೆ ಕಣ್ಣು ತುದಿಯಲ್ಲೇ ಇರಬೇಕು. ಶಿವಶರಣಪ್ಪನಿಗೆ ಬಿರುಕಿನ ಮಾತು ಹೇಳಲಿಲ್ಲ. ಹೇಳಿದರೆ ಬೆಣೆಯ ಮಾತು ಬರುತ್ತದೆ, ಬೆಣೆಯ ಹಿಂದೆ ಆ ದಿನದ ಮಾತು ಬರುತ್ತದೆ. "ಆ ಕಣ್ಣು ಯಾತಕೋ?" ಎಂದು ಸಾವುಕಾರ ಕೇಳಿದ್ದಕ್ಕೆ, "ನಮ್ಮ ಮನಿತನದ ಗುರುತು ರೀ" ಎಂದು ತೇಲಿಸಿಬಿಟ್ಟ.

ಮುಂದಿನ ಎಳ್ಳಮಾವಾಸ್ಯೆಗೆ ಯಂಕೋಬ ಸತ್ತು ಹನ್ನೊಂದು ವರ್ಷ. ಗದ್ದೆಪ್ಪ ಹಬ್ಬ ಮುಗಿದ ಎರಡನೆಯ ದಿನವೇ ಸಿಂಧನೂರಿಗೆ ಬಂದು, ಮರುದಿನ ಎಳೆಬಿಸಿಲಿಗೆಲ್ಲ ಸಾಲಗುಂದದ ತೋಟ ಮುಟ್ಟಿದ. ಬಾವಿಯ ಮೇಲೆ ಕೆಲಸ ಆಗಲೇ ನಡೆದಿತ್ತು. ದಾವಲ್‌ಸಾಬ್ ಎಂಬ ಆಳು ಜೋಡೆತ್ತುಗಳನ್ನು ಇಳಿಜಾರಿನಲ್ಲಿ ಹೊಡೆದುಕೊಂಡು ಹೋಗುತ್ತಿದ್ದ. ಹಗ್ಗ ಬಿಗಿದು, ಗಾಲಿ ಕಿರಗುಟ್ಟಿ, ತೊಗಲಿನ ದೊಡ್ಡ ಚೀಲ ನೀರು ತುಂಬಿಕೊಂಡು ಮೇಲೆ ಬರುತ್ತಿತ್ತು. ಬಾವಿಯೊಳಕ್ಕೆ ಚಾಚಿದ ಕಲ್ಲಿನ ಮೇಲೆ ನಿಂತ ಹೆಂಗಸೊಬ್ಬಳು ಆ ಚೀಲವನ್ನು ತನ್ನತ್ತ ಎಳೆದು ಕಾಲುವೆಗೆ ಸುರಿಯುತ್ತಿದ್ದಳು. ಅವಳು ಅಯ್ಯಮ್ಮ.

ಗದ್ದೆಪ್ಪ ನಡೆಯುತ್ತಿದ್ದವನು ನಿಂತುಬಿಟ್ಟ. ಕೆಲಸ ಕೊಡಿ ಎಂದು ಕೇಳಿಕೊಂಡವನು ತಾನೇ. ಕಲ್ಲಿನ ಮೇಲೆಯೇ ನಿಲ್ಲಿಸಿ ಎಂದು ಕೇಳಿಕೊಂಡಿರಲಿಲ್ಲ.

"ಬಂದ್ಯಾ ಭಾವಾ?" ಎಂದಳು ಅಯ್ಯಮ್ಮ, ಅಲ್ಲಿಂದಲೇ. "ನೋಡು, ಯಾವ ಕಲ್ಲಿನ ಮ್ಯಾಲ ನಿಂತೀನಿ. ಊರಾಗಿನ ಮಂದಿ ಅಂಜತಾರ, ನಾ ಅಂಜಂಗಿಲ್ಲ. ದಿನಾ ಅದರ ಎದಿ ತುಳಿತೀನಿ. ಮೂಗ ಕಲ್ಲು, ಈಗರ ಏನರ ಅಂತೈತೇನು ನೋಡೂಣು ಅಂತ." ಹಾಗೆಂದು ಹಿಮ್ಮಡಿಯಿಂದ ಕಲ್ಲನ್ನು ಒಮ್ಮೆ ಬಲವಾಗಿ ಒದ್ದಳು.

"ಇಳಿ ಅವ್ವ, ಸ್ವಲ್ಪ ಕೆಳಗ ಇಳಿ" ಎಂದ ಗದ್ದೆಪ್ಪ.

"ಚೀಲ ಬರಾಕತ್ತೈತಿ, ಹ್ಯಾಂಗ ಇಳೀಲಿ? ಅಲ್ಲೆ ಕುಂದ್ರು." ಚೀಲ ಸುರಿದು ಅವಳು ಹಣೆ ಒರೆಸಿಕೊಂಡಳು. "ನಿನ್ನ ಕಲ್ಲಿನ ಕಣ್ಣಿಗೆ ಕಸ್ತೂರೆಮ್ಮ ಸಾವ್ಕಾರ್ತಿ ವಾರಕ್ಕೊಮ್ಮಿ ಪೂಜಿ ಮಾಡತಾಳ. ದೇವರ ಕಣ್ಣು ಅಂತ ತಿಳದಾಳ, ಪಾಪ."

ಗದ್ದೆಪ್ಪ ಬಾವಿಯ ದಂಡೆಗೆ ಹೋಗಿ ಬಾಗಿ ನೋಡಿದ. ಕಲ್ಲು ಗೋಡೆ ಬಿಟ್ಟು ಮುಂದಕ್ಕೆ ಚಾಚುವ ಜಾಗದಲ್ಲೇ ಅವನು ಕೊರೆದ ಕಣ್ಣಿತ್ತು. ಅದರ ತುಂಬ ಕುಂಕುಮ ತುಂಬಿತ್ತು. ಚೀಲದಿಂದ ಚೆಲ್ಲಿದ ನೀರು ಕುಂಕುಮವನ್ನು ಕರಗಿಸಿ, ಬಿರುಕು ಎಲ್ಲೆಲ್ಲಿದೆಯೋ ಅಲ್ಲೆಲ್ಲ ಇಳಿಸಿತ್ತು. ಅಂಚಿನಿಂದ ಕಣ್ಣಿನ ತನಕ ಒಂದು ಕೆಂಪು ಎಳೆ. ಕಣ್ಣಿನ ಆಚೆಗೂ ಅದೇ ಎಳೆ. ಅವನು ಬೆರಳಿಟ್ಟು ಅಳೆದ. ಕಣ್ಣು ದಾಟಿ ಏಳು ಬೆರಳು ಹೋಗಿತ್ತು. ಮಧ್ಯಾಹ್ನದ ಬಿಸಿಲಲ್ಲಿ ಕಾಣದೆ ಹೋದದ್ದೆಷ್ಟು, ಈ ಎಂಟು ತಿಂಗಳಲ್ಲಿ ಒಂದೊಂದು ಚೀಲದ ಭಾರಕ್ಕೂ ಒಂದಿಷ್ಟೊಂದಿಷ್ಟೇ ಬೆಳೆದದ್ದೆಷ್ಟು, ದೇವರೇ ಬಲ್ಲ. ಅವನು ನೋಡುತ್ತಿದ್ದಂತೆಯೇ ಇನ್ನೊಂದು ಚೀಲ ಮೇಲೆ ಬಂತು, ಕಲ್ಲು ಕಣ್ಣಿಗೆ ಕಂಡೂ ಕಾಣದಷ್ಟು ಬಾಗಿತು, ಕೆಂಪು ಎಳೆ ಒದ್ದೆಯಾಗಿ ಹೊಳೆದು ಮತ್ತೆ ಮಂಕಾಯಿತು. ಬಿರುಕು ಉಸಿರಾಡುತ್ತಿತ್ತು.

ಅಷ್ಟರಲ್ಲಿ ಶಿವಶರಣಪ್ಪ ತೋಟದೊಳಗಿಂದ ಬಂದ. ಗದ್ದೆಪ್ಪ ಓಡಿ ಹೋಗಿ ಕೈಮುಗಿದ. "ಸಾವ್ಕಾರ್ರ, ಒಂದ ತಾಸು ಎತ್ತು ನಿಲ್ಲಸ್ರಿ. ಕಲ್ಲು ನೋಡಬೇಕಾಗೈತಿ."

"ಮೆಣಸಿನ ಗಿಡ ಬಾಡಾಕತ್ತಾವ. ಏನು ನೋಡತಿ? ಕಲ್ಲಿಗೇನಾಗೈತಿ?"

"ಏನಿಲ್ರಿ, ಸುಮ್ಮ..."

"ಏನಿಲ್ಲಂದ್ರ ಯಾಕ ನಿಲ್ಲಸಬೇಕು? ಏನರ ಇದ್ರ ಬಾಯಿ ಬಿಟ್ಟು ಹೇಳಪಾ. ನೀನ ಕೊಟ್ಟ ಕಲ್ಲು."

ಕೇಳಿದ್ದು ಇಷ್ಟೇ, ಬಾಯಿ ಬಿಟ್ಟು ಹೇಳು ಎಂದು. ಗದ್ದೆಪ್ಪ ಅಯ್ಯಮ್ಮನ ಕಡೆ ನೋಡಿದ. ಬಿರುಕು ಇದೆ ಎಂದರೆ, ಯಾವಾಗಿನದು ಎನ್ನುತ್ತಾರೆ. ತಮ್ಮ ಸತ್ತ ದಿನದ್ದು ಎಂದರೆ, ಗೊತ್ತಿದ್ದೂ ಯಾಕೆ ಕೊಟ್ಟೆ, ಗೊತ್ತಿದ್ದೂ ಯಾಕೆ ಸುಮ್ಮನಿದ್ದೆ ಎನ್ನುತ್ತಾರೆ. ಆ ಕೊನೆಯ ಪ್ರಶ್ನೆಯನ್ನು ಯಾರ ಬಾಯಲ್ಲೂ ಕೇಳಲು ಅವನಿಗೆ ಧೈರ್ಯವಿರಲಿಲ್ಲ. ಅಪ್ಪ ಹೇಳುತ್ತಿದ್ದ ಲೆಕ್ಕದಲ್ಲಿ ಇಷ್ಟು ದಪ್ಪದ ಕಲ್ಲು ಇನ್ನೂ ನಾಲ್ಕು ಬೆರಳು ತಡೆದೀತು, ಮಧ್ಯಾಹ್ನ ಎತ್ತು ಬಿಡುವ ತನಕ ತಡೆದೇ ತಡೆದೀತು ಎಂದು ತನಗೆ ತಾನೇ ಹೇಳಿಕೊಂಡ. "ಎತ್ತು ಬಿಟ್ಟಾಗ ನೋಡತೀನಿ ಬಿಡ್ರಿ" ಎಂದುಬಿಟ್ಟ. ಹನ್ನೊಂದು ವರ್ಷದ ಮೇಲೆ ಮತ್ತೆ ಸುತ್ತಿಗೆಯನ್ನೇ ಹುಡುಕಿದ, ಮಾತನ್ನಲ್ಲ.

ಬೇವಿನ ಗಿಡದ ಕೆಳಗೆ ಹೋಗಿ ಕೂತ. ರೊಟ್ಟಿಯ ಗಂಟು ಮಗ್ಗುಲಲ್ಲಿತ್ತು. ಚೀಲಗಳನ್ನು ಎಣಿಸತೊಡಗಿದ. ಆರು. ಏಳು. ಒಂದೊಂದು ಚೀಲಕ್ಕೂ ಅಯ್ಯಮ್ಮ ಕೈಚಾಚಿ ಮುಂದೆ ಬಾಗುತ್ತಿದ್ದಳು. ಹತ್ತು. ಹನ್ನೊಂದನೆಯ ಚೀಲ ಮೇಲೆ ಬಂದಾಗ ಕಾಳು ಸಿಡಿಯಿತು.

ಅವನು ಏಳಲಿಲ್ಲ. ಈ ಸದ್ದು ಹನ್ನೊಂದು ವರ್ಷದಿಂದ ದಿನವೂ ಕೇಳುತ್ತಿದ್ದುದೇ. ಉಣ್ಣುವಾಗ ಕೇಳಿತ್ತು, ಪಕೀರಮ್ಮ ಮಾತಾಡುತ್ತಿರುವಾಗ ನಡುವೆ ಕೇಳಿತ್ತು; ಎಷ್ಟೋ ಸಲ ದಿಗ್ಗನೆ ಎದ್ದು ನಿಂತು ಮಂದಿಯ ಮುಂದೆ ನಗೆಗೀಡಾಗಿದ್ದ. ಇದು ಒಳಗಿನದೋ ಹೊರಗಿನದೋ ತಿಳಿಯಲಿಲ್ಲ. ಎತ್ತಿನ ಗಂಟೆ, ಗಾಲಿಯ ಕಿರಗುಟ್ಟು, ನೀರು ಸುರಿಯುವ ಸದ್ದು, ಎಲ್ಲದರ ನಡುವೆ ಕಿವಿ ನಿಮಿರಿಸಿ ಕೂತ. ಹನ್ನೆರಡನೆಯ ಚೀಲ ತುಂಬಿ ಮೇಲೇಳುತ್ತಿತ್ತು. ಮತ್ತೊಂದು ಕಾಳು. ಈ ಸಲ ಬರಿಗಾಲಿನ ಅಂಗಾಲಿಗೂ ಅದು ತಾಗಿತು. ಒಳಗಿನ ಸದ್ದು ಅಂಗಾಲಿಗೆ ಎಂದೂ ತಾಗಿರಲಿಲ್ಲ.

"ಬಿಡು! ಅಯ್ಯಮ್ಮಾ, ಬಿಡು!"

ತೋಟದ ಹಕ್ಕಿಗಳೆಲ್ಲ ಎದ್ದವು. ಬೇರೆ ಯಾರೇ ಆಗಿದ್ದರೂ, ಏನು ಬಿಡಬೇಕು, ಯಾಕೆ ಬಿಡಬೇಕು ಎಂದು ತಿರುಗಿ ನೋಡುತ್ತಿದ್ದರು, ಅಷ್ಟರಲ್ಲಿ ಮುಗಿದುಹೋಗುತ್ತಿತ್ತು. ಅಯ್ಯಮ್ಮ ಕಲ್ಲು ಒಡೆಯುವ ಮನೆಯಲ್ಲಿ ಏಳು ವರ್ಷ ಬಾಳಿದವಳು. ಅವಳ ಕೈ ತಾನಾಗಿ ಹಗ್ಗ ಬಿಟ್ಟಿತು, ಕಾಲು ತಾನಾಗಿ ಕೂಗು ಬಂದ ಕಡೆಗೆ ಹಾರಿತು. ದಂಡೆಯ ಮಣ್ಣಿನ ಮೇಲೆ ಬೋರಲು ಬಿದ್ದಳು. ಅವಳ ಹಿಂದೆ ಕಲ್ಲು ಕೆಂಪು ಎಳೆಗುಂಟ ಬಾಯಿ ತೆರೆದು, ಗಾಲಿ, ಕಂಬ, ಚೀಲ ಎಲ್ಲವನ್ನೂ ಎಳೆದುಕೊಂಡು ಬಾವಿಗೆ ಇಳಿಯಿತು. ದಾವಲ್‌ಸಾಬ್ ನೊಗದ ಗೂಟ ಕಿತ್ತು ಹಗ್ಗ ಬಿಡಿಸದೆ ಹೋಗಿದ್ದಲ್ಲಿ ಎತ್ತುಗಳೂ ಹಿಮ್ಮುಖವಾಗಿ ಹೋಗುತ್ತಿದ್ದವು. ನೀರು ದಂಡೆಯ ಮೇಲಿನ ತನಕ ಹಾರಿ ಬಿತ್ತು.

ಆಮೇಲೆ ತೋಟದ ತುಂಬ ಮಂದಿ. ಬೈಗುಳ ಬರುತ್ತದೆಂದು ಗದ್ದೆಪ್ಪ ತಲೆ ಬಗ್ಗಿಸಿ ನಿಂತಿದ್ದ. ಬೈಗುಳ ಬರಲಿಲ್ಲ. "ಯಾ ಅಲ್ಲಾ, ಎಂಥಾ ಕಿವಿ!" ಎಂದು ದಾವಲ್‌ಸಾಬ್ ಅವನ ಎರಡೂ ಕೈ ಹಿಡಿದುಕೊಂಡ. "ನಾ ಇಲ್ಲೇ ಇದ್ದೆ, ನನಗ ಕೇಳಲಿಲ್ಲ. ಗಂಟಿ ಸಪ್ಪಳದಾಗ, ಗಾಲಿ ಸಪ್ಪಳದಾಗ, ಅಲ್ಲಿ ಗಿಡದ ಬುಡಕ ಕುಂತು ಕಲ್ಲಿನ ಮಾತು ಕೇಳ್ಯಾನ್ರಿ ಸಾವ್ಕಾರ್ರ!" ಶಿವಶರಣಪ್ಪನೂ ಕಲ್ಲು ಹೋದದ್ದನ್ನು ಮರೆತು, "ಇಂಥಾ ಕಿವಿ ನಿಜಾಮನ ಇಲಾಖಾದಾಗ ಇನ್ನೊಬ್ಬಗ ಇರಲಿಕ್ಕಿಲ್ಲ ಬಿಡು" ಎಂದ. ಬಂದ ಬಂದವರಿಗೆಲ್ಲ ದಾವಲ್‌ಸಾಬ್ ಮೊದಲಿಂದ ಹೇಳುತ್ತಿದ್ದ. ಒಂದೊಂದು ಸಲ ಹೇಳಿದಾಗಲೂ ಬೇವಿನ ಗಿಡ ಬಾವಿಯಿಂದ ಇನ್ನಷ್ಟು ದೂರ ಹೋಗುತ್ತಿತ್ತು. ಗದ್ದೆಪ್ಪನಿಗೆ ಮೈಮೇಲೆ ಕೆಂಡ ಸುರಿದಂತಾಗುತ್ತಿತ್ತು.

ಅಯ್ಯಮ್ಮ ಅಳಲಿಲ್ಲ. ಕೊಟ್ಟ ನೀರು ಕುಡಿದು, ಮೊಣಕಾಲಿನ ಮಣ್ಣು ಒರೆಸಿಕೊಂಡು, ಬಹಳ ಹೊತ್ತು ದಾವಲ್‌ಸಾಬನ ಮಾತನ್ನು ಕೇಳುತ್ತ ಕೂತಿದ್ದಳು. ಆಮೇಲೆ ಎದ್ದು ಬಾವಿಯ ದಂಡೆಗೆ ಹೋದಳು. ಅಲ್ಲಿಂದ ಬೇವಿನ ಗಿಡದ ತನಕ ಒಂದೇ ಸಮ ಹೆಜ್ಜೆ ಹಾಕಿಕೊಂಡು ಬಂದಳು, ತುಟಿ ಅಲುಗುತ್ತಿದ್ದವು. ಅಂಜಿದ ಹೆಂಗಸು, ದೇವರ ಹೆಸರು ಹೇಳಿಕೊಳ್ಳುತ್ತಿದ್ದಾಳೆ ಎಂದು ಮಂದಿ ದಾರಿ ಬಿಟ್ಟರು. ಅವಳು ಗದ್ದೆಪ್ಪನ ಮುಂದೆ ಬಂದು ನಿಂತಳು.

"ಮೂವತ್ತೆರಡು ಹೆಜ್ಜಿ" ಎಂದಳು, ಅವನಿಗಷ್ಟೇ ಕೇಳುವಂತೆ. "ಅವತ್ತು ಎಷ್ಟಿತ್ತು ಭಾವಾ?"

ಇನ್ನೂ ಒಂದು ಸುಳ್ಳಿಗೆ ಜಾಗವಿತ್ತು. ನೂರಕ್ಕೊಂದು ಕಲ್ಲು ಸದ್ದು ಮಾಡುವುದಿಲ್ಲ, ಒಂದೇ ಬಂಡೆ ಒಮ್ಮೆ ಅಂದು ಒಮ್ಮೆ ಸುಮ್ಮನಿರಬಹುದು. ಹೇಳಿದ್ದರೆ ನಂಬುತ್ತಿದ್ದಳೋ ಏನೋ. ಗದ್ದೆಪ್ಪ ಬಲಗೈ ಮುಂದೆ ಮಾಡಿ ಅಂಗೈ ತೆರೆದು ತೋರಿಸಿದ.

"ಕೈ ಕಲ್ಲಿನ ಮ್ಯಾಲ ಇತ್ತವ್ವ."

"ಕೇಳಿತ್ತು?"

"ಕೇಳಿತ್ತು."

"ಮತ್ತ?"

"ಮೊದಲ ಮಾತಾಡಂಗಿಲ್ಲ ಅಂತ ಆಣಿ ಹಾಕಿದ್ನೆಲ್ಲ. ತಟ್ಟಬೇಕಂತ ಸುತ್ತಿಗಿ ಹುಡುಕಿದೆ."

ಅಯ್ಯಮ್ಮ ಆ ತೆರೆದ ಅಂಗೈಯನ್ನು ನೋಡುತ್ತ ನಿಂತಳು. ಬೈಯಲಿ, ಹೊಡೆಯಲಿ, ಮಂದಿಯನ್ನು ಕರೆದು ಹೇಳಲಿ ಎಂದು ಅವನು ಕಾದ. ಆಚೆ ದಾವಲ್‌ಸಾಬ್ ಹೊಸದಾಗಿ ಬಂದವರಿಗೆ ಆ ಕಿವಿಯ ಕಥೆಯನ್ನು ಮತ್ತೆ ಶುರು ಮಾಡಿದ್ದ.

"ಹನ್ನೊಂದು ವರ್ಷ ಆ ಕಲ್ಲಿಗೆ ಶಾಪ ಹಾಕೀನಿ" ಎಂದಳು ಕೊನೆಗೆ. "ಮೂಗ ಕಲ್ಲು ಅಂದೆ. ದಿನಾ ತುಳದೆ, ಒದ್ದೆ. ಅದು ಹೇಳಿತ್ತು."

ರೊಟ್ಟಿಯ ಗಂಟು, ಸೀರೆ ಎರಡೂ ಅಲ್ಲೇ ಇದ್ದವು. ಅವಳು ಅವುಗಳ ಕಡೆ ನೋಡದೆ ಬಾವಿಯ ದಂಡೆಗೆ ತಿರುಗಿ ಹೋದಳು. ಗೋಡೆಯಲ್ಲಿ ಉಳಿದಿದ್ದ ಕಲ್ಲಿನ ಮೊಂಡು ತುದಿಯ ಮುಂದೆ ಮೊಣಕಾಲೂರಿ ಕೂತು, ಒದ್ದೆ ಕುಂಕುಮ ಹತ್ತಿದ ಆ ಮೈಗೆ ಅಂಗೈ ಒತ್ತಿ, "ತಪ್ಪಾತು" ಎಂದಳು. ಗದ್ದೆಪ್ಪನ ಕೂಡ ಅವಳು ಆಮೇಲೆ ಎಂದೂ ಮಾತಾಡಲಿಲ್ಲ.